ಟರ್ಮಿನಲ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತಿದೆ, ಫಾಂಟ್ ಹಾಕಿದರೂ ಸರಿಹೋಗಿಲ್ಲ

ಪ್ರಶ್ನೆ (ಮೂಡಿಗೆರೆ):
ತೋಟದ ಮಳೆ ಲೆಕ್ಕವನ್ನು ಟೆಕ್ಸ್ಟ್ ಫೈಲಿನಲ್ಲಿ ಇಡುತ್ತೇನೆ. ಊರು, ತಾರೀಖು, ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ), ಅಷ್ಟೇ. ಡೆಸ್ಕ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿದ ಮೇಲೆ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಆ ಫೈಲು ಬರೀ ಚೌಕ ಡಬ್ಬಿಗಳಾಗಿ ಕಾಣುತ್ತಿತ್ತು. ಕನ್ನಡ ಫಾಂಟ್ ಹಾಕಿದೆ. ಈಗ ಅಕ್ಷರ ಬರುತ್ತದೆ, ಆದರೆ ಚಿಕ್ಕಮಗಳೂರು ಹೋಗಿ ‘ಚಿಕ್‌ಕಮಗಳೂರು’ ಆಗಿದೆ. ಬೇರೆ ಫಾಂಟುಗಳನ್ನೂ ಹಾಕಿ ನೋಡಿದೆ. ಯಾವುದು ಹಾಕಬೇಕು ಸಾರ್?

ಉತ್ತರ (ಹಾಸನ):
ಇನ್ನು ಫಾಂಟ್ ಹಾಕುವುದು ನಿಲ್ಲಿಸಿ. ಡಬ್ಬಿ ಹೋಗಿದೆ ಅಂದರೆ ಫಾಂಟಿನ ಕೆಲಸ ಮುಗಿಯಿತು. ಅದೇ ಫೈಲನ್ನು ಜಿಎಡಿಟ್ ಎಂಬ ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಿರಿ. ಅಲ್ಲಿ ‘ಕ್ಕ’ ಸರಿಯಾಗಿ ಬರುತ್ತದೆ, ಅಲ್ವಾ? ಹಾಗಾದರೆ ಫೈಲೂ ಸರಿ ಇದೆ, ಫಾಂಟೂ ಸರಿ ಇದೆ. ದಯವಿಟ್ಟು ಫೈಲನ್ನು ತಿದ್ದಲು ಹೋಗಬೇಡಿ.

ತೊಂದರೆ ಇರುವುದು ಟರ್ಮಿನಲ್‌ನಲ್ಲಿ. ಅದು ಲೆಕ್ಕದ ಚೌಕುಳಿ ಪುಸ್ತಕದ ಥರ, ಒಂದು ಅಕ್ಷರಕ್ಕೆ ಒಂದು ಮನೆ. ‘ಕ್ಕ’ ಕಂಪ್ಯೂಟರಿಗೆ ಮೂರು ಸಂಕೇತ: ಕ, ಹಲಂತದ ಗುರುತು, ಮತ್ತೆ ಕ. ಮೂರನ್ನೂ ಒಟ್ಟಿಗೆ ನೋಡಿದರೆ ಮಾತ್ರ ಕೆಳಗೆ ಒತ್ತು ಕೂರುತ್ತದೆ. ಆ ಜೋಡಣೆಯನ್ನು ಹಾರ್ಫ್‌ಬಜ್‌ನಂಥ ಲೈಬ್ರರಿ ಮಾಡುತ್ತದೆ. ನಿಮ್ಮ ಟರ್ಮಿನಲ್ ಮೊದಲ ಎರಡನ್ನು ಒಂದು ಮನೆಗೆ ಹಾಕಿ, ಮೂರನೆಯದನ್ನು ಪಕ್ಕದ ಮನೆಗೆ ತಳ್ಳುತ್ತಿದೆ. ಅಲ್ಲಿಗೆ ನೋಟೋ ಸಾನ್ಸ್ ಕನ್ನಡ ಹಾಕಿದರೂ ಒಂದೇ, ಗುಬ್ಬಿ, ಲೋಹಿತ್ ಹಾಕಿದರೂ ಒಂದೇ.

ಎಂಎಲ್‌ಟರ್ಮ್ ಹಾಕಿ ನೋಡಿ. ಭಾರತದ ಲಿಪಿಗಳೂ ಸೇರಿ ಹಲವು ಭಾಷೆಗಳ ಲಿಪಿಗಳಿಗಾಗಿ ಮಾಡಿರುವ ಟರ್ಮಿನಲ್ ಅದು. ಜೊತೆಗೆ ಎಂಎಲ್‌ಟರ್ಮ್-ಟೂಲ್ಸ್ ಕೂಡ ಹಾಕಿ. ಕಂಟ್ರೋಲ್ ಹಿಡಿದು ಮೌಸಿನ ಬಲ ಬಟನ್ ಒತ್ತಿದರೆ ಸೆಟ್ಟಿಂಗ್ಸ್ ಬರುತ್ತದೆ. ಅದರಲ್ಲಿ ಕಾಲಂ ಅಗಲವನ್ನು ‘ವೇರಿಯಬಲ್’ ಮಾಡಿ, ಓಪನ್‌ಟೈಪ್ ಲೇಔಟ್ (ಒತ್ತು ಕೂರಿಸುವ ಜೋಡಣೆ) ಆನ್ ಮಾಡಿ. ಮುಖ್ಯ ಫಾಂಟಾಗಿ ಮಾತ್ರ ಕನ್ನಡ ಫಾಂಟ್ ಇಡಬೇಡಿ. ಇಂಗ್ಲಿಷ್ ಅಕ್ಷರಗಳ ಸಾಲು ಕೆಡುತ್ತದೆ. ಮಾಮೂಲಿ ಮೊನೋಸ್ಪೇಸ್ ಇರಲಿ, ಕನ್ನಡಕ್ಕೆ ಬೇಕಾದ್ದನ್ನು ಸಿಸ್ಟಂ ತಾನೇ ಹುಡುಕಿಕೊಳ್ಳುತ್ತದೆ.

ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬಂದರೆ ಅದು ಬೇರೆ ಕಥೆ, ಆಗ ಲೊಕೇಲ್ (ಸಿಸ್ಟಂನ ಭಾಷೆಯ ಸೆಟ್ಟಿಂಗ್) ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಪದ್ಧತಿ) ಇದೆಯಾ ನೋಡಬೇಕು. ನಿಮಗೆ ಆ ತೊಂದರೆ ಇಲ್ಲ.

ಪ್ರಶ್ನೆ (ಮೂಡಿಗೆರೆ):
ಒತ್ತು ಕೂತಿತು! ಆದರೆ ಬ್ಯಾಷ್ ಸ್ಕ್ರಿಪ್ಟಿನಲ್ಲಿ (ಟರ್ಮಿನಲ್ ಆಜ್ಞೆಗಳ ಫೈಲು) ಊರಿನ ಹೆಸರಿಗೆ 20 ಜಾಗ ಕೊಟ್ಟು ಪ್ರಿಂಟ್‌ಎಫ್ ಆಜ್ಞೆಯಿಂದ ಮುದ್ರಿಸಿದರೆ ಕಾಲಂಗಳು ಅಂಕುಡೊಂಕಾಗಿವೆ.

ಉತ್ತರ (ಹಾಸನ):
ಪ್ರಿಂಟ್‌ಎಫ್ ಅಕ್ಷರವನ್ನಲ್ಲ, ಬೈಟ್ (ಕಂಪ್ಯೂಟರ್ ಸಂಕೇತವನ್ನು ಇಡುವ ತುಣುಕು) ಎಣಿಸುತ್ತಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಹಾಸನ’ 12 ಬೈಟ್, ಹಾಗಾಗಿ 8 ಖಾಲಿ ಜಾಗ ಸೇರುತ್ತದೆ. ‘ಚಿಕ್ಕಮಗಳೂರು’ 33 ಬೈಟ್, ಆಗಲೇ 20 ದಾಟಿದೆ, ಒಂದು ಜಾಗವೂ ಸೇರುವುದಿಲ್ಲ. ಬೈಟ್ ಬಿಟ್ಟು ಸಂಕೇತ ಎಣಿಸಿದರೂ ಪೂರ್ತಿ ಸರಿಯಾಗದು, ಯಾಕೆಂದರೆ ನಮ್ಮ ಅಕ್ಷರಗಳ ಅಗಲವೇ ಬೇರೆ ಬೇರೆ. ಸುಮ್ನೆ ಒದ್ದಾಡಬೇಡಿ. ತಾರೀಖು, ಇಂಚು, ಸೆಂಟು ಮೊದಲು ಬರೆದು ಊರಿನ ಹೆಸರನ್ನು ಕೊನೆಯ ಕಾಲಂಗೆ ಹಾಕಿ.

ಇನ್ನೊಬ್ಬರು (ಅರಸೀಕೆರೆ):
ನಡುವೆ ಬಂದೆ, ಬೇಜಾರಿಲ್ಲ ತಾನೆ? ನನಗೆ ಗಿಟ್ (ಫೈಲುಗಳ ಬದಲಾವಣೆ ದಾಖಲಿಸುವ ತಂತ್ರಾಂಶ) ಸ್ಟೇಟಸ್‌ನಲ್ಲಿ ಕನ್ನಡ ಹೆಸರಿನ ಫೈಲುಗಳು 340, 262 ಅಂತ ಅಂಕಿಗಳಾಗಿ ಬರುತ್ತಿವೆ. ಎಂಎಲ್‌ಟರ್ಮ್‌ನಲ್ಲೂ ಅಷ್ಟೇ.

ಉತ್ತರ (ಹಾಸನ):
ಅದಕ್ಕೂ ಟರ್ಮಿನಲ್‌ಗೂ ಸಂಬಂಧವಿಲ್ಲ. ಗಿಟ್ ತಾನೇ ಹೆಸರಿನ ಬೈಟುಗಳನ್ನು ಆಕ್ಟಲ್ (ಎಂಟರ ಆಧಾರದ) ಅಂಕಿ ಮಾಡಿ ತೋರಿಸುತ್ತದೆ. ಗಿಟ್ ಕಾನ್ಫಿಗ್‌ನಲ್ಲಿ ‘ಕೋರ್ ಡಾಟ್ ಕೋಟ್‌ಪಾತ್’ ಅನ್ನು ‘ಫಾಲ್ಸ್’ ಮಾಡಿ, ಹೆಸರು ಕನ್ನಡದಲ್ಲೇ ಬರುತ್ತದೆ.