ಮಂತ್ರಿಗಳು ಹೇಳಿ ಹೋದ ಮೇಲೆ ಆ ಸುದ್ದಿಯ ಬೆನ್ನು ಹತ್ತುವುದು ಹೇಗೆ? ಅನುಭವ ಇದ್ದವರು ಹೇಳಿ

ಕುಶಾಲನಗರದಿಂದ, ಹೊಸ ವರದಿಗಾರ:
ನಾನು ಈ ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಯಿತು. ಭೂಮಿಪೂಜೆ, ಉದ್ಘಾಟನೆ, ಪತ್ರಿಕಾಗೋಷ್ಠಿ ಎಲ್ಲವನ್ನೂ ಬರೆಯುತ್ತೇನೆ. ಆದರೆ ಬೆಂಗಳೂರಿನಲ್ಲಿ ಆದ ತೀರ್ಮಾನ ಕೊಡಗಿಗೆ ಬಂದು ಮುಟ್ಟಿತಾ ಅಂತ ಆಮೇಲೆ ನೋಡಲು ಆಗುತ್ತಿಲ್ಲ. ಕಚೇರಿಗೆ ಹೋಗಿ ಕೇಳಿದರೆ ‘ಪ್ರೋಸೆಸ್‌ನಲ್ಲಿದೆ’ ಅನ್ನುತ್ತಾರೆ. ಅದರ ಮೇಲೆ ಏನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಮಡಿಕೇರಿಯಿಂದ, 22 ವರ್ಷದಿಂದ ವರದಿಗಾರ:
ತಮ್ಮಾ, ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಸೇರಿದ ಹೊಸದರಲ್ಲಿ ಒಂದು ಊರಿಗೆ ಸೇತುವೆ ಮಂಜೂರಾಗಿದೆ ಅಂತ ಬರೆದೆ. ವೇದಿಕೆ ಮೇಲೆ ನಾಯಕರೊಬ್ಬರು ಹಾಗೇ ಹೇಳಿದ್ದರು. ಊರವರು ಪಟಾಕಿ ಹೊಡೆದರು. ಮೂರು ಮಳೆಗಾಲ ಕಳೆದರೂ ಅಲ್ಲಿ ಒಂದು ಕಲ್ಲು ಬೀಳಲಿಲ್ಲ. ಕೊನೆಗೆ ಹುಡುಕಿದರೆ ಇದ್ದದ್ದು ಒಂದು ಮನವಿ ಪತ್ರ. ಅದರ ಮೂಲೆಯಲ್ಲಿ ‘ಪರಿಶೀಲಿಸಿ’ ಅಂತ ಒಂದು ಷರಾ. ಅಷ್ಟೇ. ಆ ಊರಿನ ಅಜ್ಜಿಯೊಬ್ಬರು ‘ನೀನೇ ಬರೆದಿದ್ದೆಯಲ್ಲಾ ಮಗಾ’ ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅವತ್ತಿನಿಂದ ‘ಮಂಜೂರು’ ಅನ್ನುವ ಪದವನ್ನು ಸುಮ್ನೆ ಬರೆಯುವುದಿಲ್ಲ. ಒಂದು ಕೆಲಸ ಮಾತಿನಿಂದ ಮಣ್ಣಿಗೆ ಬರಲು ಎಷ್ಟೋ ಮೆಟ್ಟಿಲು ಇಳಿಯಬೇಕು. ಇಲ್ಲಿಂದ ಪ್ರಸ್ತಾವನೆ ಹೋಗಬೇಕು. ಹಣಕಾಸು ಇಲಾಖೆ ಸಹಮತಿ ಬೇಕು. ಆಡಳಿತಾತ್ಮಕ ಅನುಮೋದನೆ ಕೊಟ್ಟು ಸರ್ಕಾರಿ ಆದೇಶ ಆಗಬೇಕು. ತಾಂತ್ರಿಕ ಮಂಜೂರಾತಿ (ಎಂಜಿನಿಯರ್‌ಗಳು ಅಂದಾಜು ಪಟ್ಟಿಯನ್ನು ಒಪ್ಪುವುದು), ಟೆಂಡರ್, ಕಾರ್ಯಾದೇಶ (ಕೆಲಸ ಶುರು ಮಾಡಿ ಅಂತ ಗುತ್ತಿಗೆದಾರನಿಗೆ ಕೊಡುವ ಆದೇಶ) ಅದಾದ ಮೇಲೆ. ‘ತಾತ್ವಿಕ ಒಪ್ಪಿಗೆ’ ಅಂದರೆ ಇನ್ನೂ ದುಡ್ಡಿನ ಮಾತೇ ಆಗಿಲ್ಲ ಅಂತ ತಿಳಿದುಕೊಳ್ಳಿ. ‘ಪ್ರೋಸೆಸ್‌ನಲ್ಲಿದೆ’ ಅಂದ ಕೂಡಲೇ ಎರಡು ಪ್ರಶ್ನೆ ಹಾಕಿ. ಆದೇಶ ಆಗಿದ್ದರೆ ಅದರ ಸಂಖ್ಯೆ, ದಿನಾಂಕ ಎಷ್ಟು? ಆಗಿಲ್ಲವಾದರೆ ಕಡತ ಈಗ ಯಾರ ಟೇಬಲ್‌ ಮೇಲಿದೆ? ಬೆಂಗಳೂರಿನಲ್ಲಿ ಕೂತಿದೆ ಅಂತ ಎಲ್ಲರೂ ಬೈಯುತ್ತಿರುವ ಕಡತ ಎಷ್ಟೋ ಸಲ ಸ್ಪಷ್ಟೀಕರಣ ಕೇಳಿ ಮಡಿಕೇರಿಗೇ ವಾಪಸ್ ಬಂದಿರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಉದಾಹರಣೆಗೆ ಕೊಡಗು ವಿಶ್ವವಿದ್ಯಾಲಯ ನೋಡಿ. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಶುರುವಾಯಿತು. 2025ರಲ್ಲಿ ಸಂಪುಟ ಉಪಸಮಿತಿ (ಕೆಲವು ಸಚಿವರಷ್ಟೇ ಇರುವ ಸಮಿತಿ) ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು, ನಮ್ಮದೂ ಆ ಪಟ್ಟಿಯಲ್ಲಿತ್ತು. ಮರುದಿನವೇ ‘ಮುಚ್ಚಿತು’ ಅಂತ ಮೊಬೈಲ್‌ಗಳಲ್ಲಿ ಓಡಾಡಿತು. ಉಪಸಮಿತಿಯ ಶಿಫಾರಸು ಬೇರೆ, ಸಂಪುಟದ ತೀರ್ಮಾನ ಬೇರೆ, ಆದೇಶ ಬೇರೆ. ಅಲ್ಲಿ ಓದುತ್ತಿರುವ ಮಕ್ಕಳ ಅಪ್ಪ ಅಮ್ಮಂದಿರು ಗಾಬರಿಯಿಂದ ನಮಗೆ ಫೋನ್ ಮಾಡುತ್ತಾರೆ. ಅವರಿಗೆ ಆ ವ್ಯತ್ಯಾಸ ಬಿಡಿಸಿ ಹೇಳುವುದೇ ನಮ್ಮ ಕೆಲಸ ಅಲ್ವಾ?

ಇನ್ನೊಂದು. ಬಜೆಟ್ ಭಾಷಣದ ಕಂಡಿಕೆಗಳಿಗೆ, ಅಂದರೆ ಪ್ಯಾರಾಗಳಿಗೆ, ಸಂಖ್ಯೆ ಇರುತ್ತದೆ. ಕೊಡಗು ಅನ್ನುವ ಹೆಸರು ಬಂದ ಕಂಡಿಕೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಪಕ್ಕದಲ್ಲಿ ಜಾಗ ಬಿಡಿ. ಸೆಪ್ಟೆಂಬರ್‌ನಲ್ಲಿ ಒಂದು ಸಲ, ಮುಂದಿನ ಬಜೆಟ್‌ಗೆ ಮೊದಲು ಒಂದು ಸಲ ಆ ಜಾಗ ತುಂಬಿಸಿ. ವಿಧಾನಸಭೆಯ ಪ್ರಶ್ನೋತ್ತರಗಳನ್ನೂ ಬಿಡಬೇಡಿ. 2008ರ ಕ್ಷೇತ್ರ ವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಯಿತು. ಈಗ ವಿಧಾನಸಭೆಯ 224 ಕ್ಷೇತ್ರಗಳಲ್ಲಿ ನಮಗಿರುವುದು ಮಡಿಕೇರಿ, ವಿರಾಜಪೇಟೆ ಎರಡೇ. ಹಾಗಾಗಿ ಕೊಡಗಿನ ಹೆಸರಲ್ಲೇ ಬರುವ ಪ್ರಶ್ನೆ ಕಡಿಮೆ. ಆದರೆ ಬೇರೆ ಜಿಲ್ಲೆಯ ಶಾಸಕರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರದ ಕೊನೆಯಲ್ಲಿ ಜಿಲ್ಲಾವಾರು ಅನುಬಂಧ ಇರುತ್ತದೆ. ಅದರಲ್ಲಿ ಕೊಡಗಿನ ಸಾಲು ಹುಡುಕಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಲಿಖಿತ ಉತ್ತರ ಮಾತ್ರ ಬರುತ್ತದೆ, ಸದನದಲ್ಲಿ ಚರ್ಚೆ ಆಗುವುದಿಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಒಳ್ಳೆಯ ಸುದ್ದಿಗಳಲ್ಲಿ ಅರ್ಧ ಅಲ್ಲೇ ಸಿಕ್ಕಿದವು.

ಗೋಣಿಕೊಪ್ಪಲಿನಿಂದ:
ಅಣ್ಣ ಹೇಳಿದ್ದು ಸರಿ. ನಾನು ಒಂದು ವಿಷಯ ಸೇರಿಸುತ್ತೇನೆ. ಜಿಲ್ಲಾ ಪಂಚಾಯಿತಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಮೊದಲು ಸದಸ್ಯರೇ ಫೋನ್ ಮಾಡಿ ‘ನಮ್ಮ ರಸ್ತೆ ದುಡ್ಡು ಎಲ್ಲಿ ಹೋಯಿತು ನೋಡಿ’ ಅನ್ನುತ್ತಿದ್ದರು. ಸಾಮಾನ್ಯ ಸಭೆಯಲ್ಲಿ ಜಗಳ ಆಡುತ್ತಿದ್ದರು, ನಮಗೆ ಕಡತದ ವಿಷಯ ತಾನಾಗಿ ಸಿಗುತ್ತಿತ್ತು. ಆಮೇಲೆ ಆ ಬಾಗಿಲು ಮುಚ್ಚಿತು. ಹಾಗಾಗಿ ಕೆಡಿಪಿ ಸಭೆಗೆ, ಅಂದರೆ ಜಿಲ್ಲೆಯ ಇಲಾಖೆಗಳ ಕೆಲಸದ ಪ್ರಗತಿ ನೋಡುವ ಸಭೆಗೆ, ತಪ್ಪದೆ ಹೋಗಿ. ಉಸ್ತುವಾರಿ ಸಚಿವರ ಭಾಷಣ ಬರೆದುಕೊಂಡು ಎದ್ದು ಬರಬೇಡಿ. ಹಿಂದಿನ ಸಭೆಯ ಅನುಪಾಲನಾ ವರದಿ ಕೇಳಿ ಪಡೆಯಿರಿ. ಹಿಂದಿನ ಸಲ ಏನು ಹೇಳಿದ್ದರು, ಈಗ ಏನಾಗಿದೆ, ಎರಡೂ ಅದರಲ್ಲಿ ಅಕ್ಕಪಕ್ಕ ಇರುತ್ತದೆ. ಆನೆ ತಡೆಗೆ ರೈಲ್ವೆ ಕಂಬಿ ಹಾಕುವ ಕೆಲಸವಿದ್ದರೆ ‘ಪ್ರಗತಿಯಲ್ಲಿದೆ’ ಅನ್ನುವ ಮಾತನ್ನು ಒಪ್ಪಬೇಡಿ. ಎಷ್ಟು ಕಿಲೋಮೀಟರ್ ಆಗಬೇಕಿತ್ತು, ಎಷ್ಟು ಆಗಿದೆ, ಎಲ್ಲಿಂದ ಎಲ್ಲಿಗೆ ಅಂತ ಕೇಳಿ. ಆಮೇಲೆ ಬೈಕ್ ಹತ್ತಿ ಹೋಗಿ ನೋಡಿ.

ಮಾಹಿತಿ ಹಕ್ಕು ಅರ್ಜಿಯನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ಸಣ್ಣ ಜಿಲ್ಲೆ ನಮ್ಮದು, ದಿನಾ ಮುಖ ನೋಡುವವರು. ಅರ್ಜಿ ಹಾಕಿದರೆ ಮಾತು ನಿಲ್ಲಿಸಿಬಿಡುತ್ತಾರೆ.

ಸೋಮವಾರಪೇಟೆಯಿಂದ, ಸರ್ಕಾರಿ ಕಚೇರಿಯಿಂದ ನಿವೃತ್ತ:
ನಾನು ಟೇಬಲ್‌ನ ಈ ಕಡೆ ಕೂತಿದ್ದವನು. ಗೋಣಿಕೊಪ್ಪಲಿನವರ ಕೊನೆಯ ಮಾತನ್ನು ಒಪ್ಪುವುದಿಲ್ಲ. ಒಳ್ಳೆಯ ಗುಮಾಸ್ತನಿಗೆ ಅರ್ಜಿ ಬಂದರೆ ನೆಮ್ಮದಿ. ಬಾಯಲ್ಲಿ ಹೇಳಿದರೆ ಮೇಲಿನವರು ಬೈಯುತ್ತಾರೆ. ಅರ್ಜಿಗೆ ಕೊಟ್ಟರೆ ಕಾನೂನು ಪ್ರಕಾರ ಕೊಟ್ಟ ಹಾಗೆ. ಸಿಟ್ಟು ಬರುವುದು ‘ಯಾಕೆ ಮಾಡಿಲ್ಲ’ ಅಂತ ಅರ್ಜಿಯಲ್ಲಿ ಜಗಳ ತೆಗೆದಾಗ. ಕಾರಣ ಕೇಳಬೇಡಿ, ಕಾಗದ ಕೇಳಿ. ‘ಇಂಥ ಕಡತದ ಟಿಪ್ಪಣಿ ಹಾಳೆಗಳ ಪ್ರತಿ’ ಅಂತ ಬರೆದರೆ ಸಾಕು. ಯಾರು ಯಾವತ್ತು ಏನು ಬರೆದರು ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು. 10 ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಇಟ್ಟರೆ ಆಯಿತು. 30 ದಿನ ಕಾಯಿರಿ. ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಅದಕ್ಕೆ ಸೋಮಾರಿತನ ಮಾಡಬೇಡಿ. ಕಡತ ದಪ್ಪ ಇದ್ದರೆ ಮೊದಲು ನೋಡಲು ಅವಕಾಶ ಕೇಳಿ. ಮೊದಲ ಒಂದು ಗಂಟೆಗೆ ಶುಲ್ಕ ಇಲ್ಲ. ಬೇಕಾದ ಪುಟಕ್ಕೆ ಮಾತ್ರ ಆಮೇಲೆ ದುಡ್ಡು ಕಟ್ಟಿ.

ಮತ್ತೆ ಒಂದು ಕೋರಿಕೆ. ಒಳಗಿನವರು ನಂಬಿ ಒಂದು ಪ್ರತಿ ತೋರಿಸಿದರೆ ಅದರ ಫೋಟೋವನ್ನು ಹಾಗೇ ಹಾಕಬೇಡಿ. ಕೈಬರಹ, ಮೂಲೆಯ ಸಹಿ, ಮಡಿಕೆ ನೋಡಿದರೆ ಯಾರ ಟೇಬಲ್‌ನಿಂದ ಹೋಯಿತು ಅಂತ ಗೊತ್ತಾಗಿಬಿಡುತ್ತದೆ. ಹಾಗೆ ಎತ್ತಂಗಡಿ ಆದ ಸಹೋದ್ಯೋಗಿಯನ್ನು ನಾನು ನೋಡಿದ್ದೇನೆ. ಅವರ ಮಗಳು ಆಗ ಹತ್ತನೇ ತರಗತಿ.

ಸಿದ್ದಾಪುರದಿಂದ:
ಎಲ್ಲರೂ ಕಡತದ ಬಗ್ಗೆ ಹೇಳಿದಿರಿ. ನಾನು ಆ ಕಡೆಯಿಂದ ಶುರು ಮಾಡುವುದಿಲ್ಲ, ಮನೆಯಿಂದ ಶುರು ಮಾಡುತ್ತೇನೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ರಾಜ್ಯದ ಎಲ್ಲಾ ಕ್ಯಾಮೆರಾ ಬಂದಿದ್ದವು. ಆಮೇಲೆ ಅವರಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು. ಕ್ಯಾಮೆರಾ ಅಲ್ಲಿಗೆ ಅಷ್ಟು ಹೋಗಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ ಕಡೆ ಮನೆ ಕಟ್ಟಿದರು. ಕೀಲಿ ಕೊಟ್ಟ ದಿನ ಸುದ್ದಿ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡೆವು.

ನಾನು ಪ್ರತಿ ಆಗಸ್ಟ್‌ನಲ್ಲಿ ಒಂದು ಪುನರ್ವಸತಿ ಬಡಾವಣೆಗೆ ಹೋಗುತ್ತೇನೆ. ಮೈಕ್ ತೆಗೆಯುವುದಿಲ್ಲ. ಕಾಫಿ ಕುಡಿದು ಅದೇ ಐದು ಪ್ರಶ್ನೆ ಕೇಳುತ್ತೇನೆ. ಹಕ್ಕುಪತ್ರ ಕೈಗೆ ಬಂತಾ? ಪಡಿತರ ಚೀಟಿಯಲ್ಲಿ ಯಾವ ವಿಳಾಸ ಇದೆ? ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಕೆಲಸಕ್ಕೆ ಹೋಗಲು ಬಸ್ ಇದೆಯಾ? ಹಳೇ ತೋಟ ಯಾರು ನೋಡಿಕೊಳ್ಳುತ್ತಿದ್ದಾರೆ? ಒಂದು ವರ್ಷ ಒಬ್ಬರು ಅಕ್ಕ ಮಗನ ಓದಿಗೆ ಸಾಲ ಕೇಳಲು ಹೋಗಿ, ಮನೆ ದಾಖಲೆ ಹೆಸರಿಗೆ ಆಗಿಲ್ಲ ಅಂತ ವಾಪಸ್ ಬಂದಿದ್ದರು. ಅಲ್ಲಿಂದ ಕಡತಕ್ಕೆ ಹೋದೆ. ಆಗ ಯಾವ ಮೇಜಿನಲ್ಲಿ ಏನು ಕೇಳಬೇಕು ಅಂತ ನನಗೆ ಸ್ಪಷ್ಟವಾಗಿತ್ತು. ಸುದ್ದಿ ಬಂದ ಮೇಲೆ ಅದರ ಒಂದು ಪ್ರತಿ ಅವರ ಮನೆಗೆ ಕೊಟ್ಟು ಬಂದೆ. ದಯವಿಟ್ಟು ನೀವೂ ಹಾಗೆ ಮಾಡಿ. ಅವರ ಕಷ್ಟ ಬರೆದು ನಾವು ಮರೆತುಬಿಟ್ಟರೆ ಮುಂದಿನ ಸಲ ಅವರು ಬಾಯಿ ಬಿಡುವುದಿಲ್ಲ.

ಕುಶಾಲನಗರದಿಂದ, ಪ್ರಶ್ನೆ ಕೇಳಿದವನು:
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಒಂದು ರಸ್ತೆಯ ವಿಷಯದಲ್ಲಿ ಆದೇಶದ ಸಂಖ್ಯೆ ಕೇಳಿದೆ. ಮೊದಲು ಸ್ವಲ್ಪ ಹೊತ್ತು ಮುಖ ನೋಡಿದರು, ಆಮೇಲೆ ಕಡತ ತೆಗೆದರು. ಆದೇಶ ಆಗಿ ಏಳು ತಿಂಗಳಾಗಿದೆ, ಟೆಂಡರ್ ಕರೆದಿಲ್ಲ. ಇನ್ನು ಎಂಜಿನಿಯರ್ ಹತ್ತಿರ ಹೋಗಬೇಕಾ, ಅಥವಾ ನೇರವಾಗಿ ಬರೆದುಬಿಡಲಾ?

ಮಡಿಕೇರಿಯಿಂದ:
ಹೋಗಿ. ಅಂದಾಜು ಪಟ್ಟಿಗೆ ತಾಂತ್ರಿಕ ಮಂಜೂರಾತಿ ಆಗಿದೆಯಾ ಅಂತ ಮೊದಲು ಕೇಳಿ. ಅವರ ಉತ್ತರವನ್ನೂ ಹಾಕಿ ಬರೆಯಿರಿ. ಆ ರಸ್ತೆಯಲ್ಲಿ ಶಾಲೆಗೆ ನಡೆದು ಹೋಗುವ ಮಕ್ಕಳನ್ನೂ ಒಮ್ಮೆ ಮಾತಾಡಿಸಿ.