ಎಪ್ಪತ್ತು ದಾಟಿದ ಅತ್ತೆಯವರೊಂದಿಗೆ ಕಡಲಲ್ಲಿ ಒಂದು ದಿನ: ಯಾವ ದೋಣಿ, ಯಾವ ದ್ವೀಪ?

ಹೊಸನಗರದ ಸೊಸೆ
ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದರೆ ಫೆಬ್ರುವರಿಯಲ್ಲಿ ಕೈ ಸ್ವಲ್ಪ ಬಿಡುವಾಗುತ್ತದೆ. ಆಗ ಮನೆಮಂದಿಯೆಲ್ಲ ಘಟ್ಟ ಇಳಿದು ಕಡಲ ಬದಿಯಲ್ಲಿದ್ದು ಬರಬೇಕೆಂದಿದ್ದೇವೆ. ಅದರಲ್ಲಿ ಒಂದು ದಿನ ದೋಣಿಗೇ ಮೀಸಲು. ಅತ್ತೆಯವರಿಗೆ ಮೊಣಕಾಲು ನೋವಿದೆ. ಅವರು ಕಂಡ ದೊಡ್ಡ ನೀರೆಂದರೆ ಶರಾವತಿ ಹಿನ್ನೀರು, ಹತ್ತಿದ ದೊಡ್ಡ ದೋಣಿಯೆಂದರೆ 2025ರಲ್ಲಿ ಸೇತುವೆಯಾಗುವ ಮೊದಲು ಸಿಗಂದೂರಿಗೆ ದಾಟಿಸುತ್ತಿದ್ದ ಲಾಂಚ್. "ಕಡಲ ನಡುವೆ ನಿಂತು ಒಮ್ಮೆ ನಾಲ್ಕೂ ಕಡೆ ನೋಡಬೇಕು" ಎಂದು ಅವರೇ ಬಾಯಿಬಿಟ್ಟು ಕೇಳಿದ್ದಾರೆ. ತಮಗಾಗಿ ಏನನ್ನೂ ಕೇಳದ ಜೀವ ಅದು. ಯಜಮಾನರು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗೋಣ ಎನ್ನುತ್ತಾರೆ. ನನ್ನ ಮನಸ್ಸು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಡೆ. ಹನ್ನೊಂದು ಮತ್ತು ಏಳು ವರ್ಷದ ಮಕ್ಕಳೂ ಇದ್ದಾರೆ. ಅತ್ತೆಯವರನ್ನು ಹತ್ತಿಸಿ ಇಳಿಸುವುದು ಎಲ್ಲಿ ಸುಲಭ? ಹೋಗಿ ಬಂದವರು ದಯವಿಟ್ಟು ಹೇಳಿ.

ಸಾಗರದ ಈಜುಗಾರ
ಅಕ್ಕ, ನೇತ್ರಾಣಿ ಬೇಡ. ಅದು ದಡದಿಂದ ಸುಮಾರು 19 ಕಿಲೋಮೀಟರ್ ದೂರ. ಜನ ಅಲ್ಲಿಗೆ ಹೋಗುವುದು ನೀರಿನೊಳಗಿನ ಹವಳ, ಬಣ್ಣದ ಮೀನು ನೋಡಲು; ದ್ವೀಪದ ಮೇಲೆ ಕೂತು ಬರಲು ಅಲ್ಲ. ಮುಳುಗುವವರು ಮುಳುಗಿ ಏಳುವ ತನಕ ಉಳಿದವರು ಲಂಗರು ಹಾಕಿದ ದೋಣಿಯಲ್ಲೇ ಇರಬೇಕು. ಓಡುವ ದೋಣಿಗಿಂತ ನಿಂತ ದೋಣಿಯೇ ಹೆಚ್ಚು ತೂಗುತ್ತದೆ, ವಾಂತಿ ಶುರುವಾಗುವುದೂ ಆಗಲೇ. ಭಾವನವರು ಬೇರೆ ದಿನ ಗೆಳೆಯರ ಜೊತೆ ಹೋಗಲಿ.

ತೀರ್ಥಹಳ್ಳಿ ಮೇಷ್ಟ್ರು
ಮಲ್ಪೆಗೇ ಹೋಗಿಬನ್ನಿ ತಾಯಿ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಮಕ್ಕಳನ್ನು ಆ ದ್ವೀಪಕ್ಕೆ ಕರೆದೊಯ್ಯುವುದೆಂದರೆ ನನಗೆ ಹಬ್ಬವಾಗಿತ್ತು. ಅಲ್ಲಿನ ಕಲ್ಲಿನ ಕಂಬಗಳನ್ನು ಕೈಯಿಂದ ಮುಟ್ಟಿಯೇ ನೋಡಬೇಕು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು. ತಣಿಯುತ್ತ ಕುಗ್ಗಿತು, ಕುಗ್ಗುತ್ತ ಬಿರಿಯಿತು, ಬಿರುಕುಗಳು ಆಳಕ್ಕಿಳಿದು ಐದಾರು ಮೂಲೆಯ ಕಂಬಗಳಾದವು. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಸೀಳುವುದನ್ನು ನಿಮ್ಮ ಮಕ್ಕಳು ನೋಡಿರುತ್ತಾರೆ, ಅದನ್ನು ನೆನಪಿಸಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂಬ ಕತೆಯನ್ನು ಎಲ್ಲರೂ ಹೇಳುತ್ತಾರೆ, ಕಲ್ಲಿನ ಕತೆಯನ್ನು ಮಕ್ಕಳಿಗೆ ಹೇಳುವವರು ಕಡಿಮೆ. ನೀವು ಹೇಳಿ.

ಇನ್ನು ಅತ್ತೆಯವರ ವಿಷಯ. ಬಂದರಿನಿಂದ ಅರ್ಧ ಗಂಟೆಯ ಹಾದಿ, ಅದು ಕಷ್ಟವಲ್ಲ. ಇಳಿಯುವ ಜಾಗದಲ್ಲಿ ಎಚ್ಚರ ಬೇಕು. ನಾವು ಹೋಗುತ್ತಿದ್ದಾಗ ದೊಡ್ಡ ದೋಣಿ ದಡ ಮುಟ್ಟುತ್ತಿರಲಿಲ್ಲ; ನಡುವೆ ಸಣ್ಣ ದೋಣಿಗೆ ದಾಟಿಸಿ, ಕಾಲು ತೋಯುವ ನೀರಿನಲ್ಲಿ ಇಳಿಸುತ್ತಿದ್ದರು. ಟಿಕೆಟ್ ಕೊಳ್ಳುವ ಮೊದಲೇ ಹಿರಿಯರಿದ್ದಾರೆಂದು ತಿಳಿಸಿ, ಅಂದು ಹೇಗೆ ಇಳಿಸುತ್ತಾರೆಂದು ಕೇಳಿ. ಬೆಳಗಿನ ಮೊದಲ ದೋಣಿಯನ್ನೇ ಹಿಡಿಯಿರಿ. ಬಿಸಿಲೇರಿ ನೆಲ ಕಾದಂತೆ ಕಡಲಿನಿಂದ ಗಾಳಿ ಏಳುತ್ತದೆ, ಮಧ್ಯಾಹ್ನದ ಅಲೆ ಬೆಳಗಿನ ಅಲೆಯಲ್ಲ. ದ್ವೀಪದ ಪಶ್ಚಿಮದ ಬಂಡೆಗಳ ಮೇಲೆ ಮಕ್ಕಳನ್ನು ಬಿಡಲೇಬೇಡಿ. ಪಾಚಿ ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ. ದಂಡೆಯ ತುಂಬ ಒಡೆದ ಚಿಪ್ಪುಗಳಿವೆ, ಎಲ್ಲರಿಗೂ ಗಟ್ಟಿ ಚಪ್ಪಲಿ ಇರಲಿ.

ಕಾರ್ಗಲ್‌ನಿಂದ
ಮೊಣಕಾಲು ನೋವಿದ್ದರೆ ಹೊನ್ನಾವರ ವಾಸಿ. ಜೋಗದಲ್ಲಿ ಧುಮುಕಿ ಗೇರುಸೊಪ್ಪ ದಾಟಿದ ನಮ್ಮ ಶರಾವತಿ ಅಲ್ಲಿ ಸಮುದ್ರ ಸೇರುತ್ತದೆ. ಹೊಳೆಯೊಳಗಿನ ದೋಣಿಯಾದ್ದರಿಂದ ಅಲೆಯ ಕಾಟವಿಲ್ಲ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಬದಿಯಲ್ಲಿ ನಿಧಾನವಾಗಿ ಸುತ್ತಿಸುತ್ತಾರೆ, ಮಾವಿನಕುರ್ವೆ ದ್ವೀಪವೂ ಅದೇ ಹೊಳೆಯಲ್ಲಿದೆ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಕಾಸರಕೋಡು ಕಡಲತೀರ ಪಕ್ಕದಲ್ಲೇ ಇದೆ, ಮಕ್ಕಳು ಸಂಜೆ ಅಲ್ಲಿ ಆಡಬಹುದು.

ತೀರ್ಥಹಳ್ಳಿ ಮೇಷ್ಟ್ರು
ಕಾರ್ಗಲ್‌ನವರ ಮಾತು ಸರಿಯೇ, ಆ ಅಳಿವೆ ಬಹಳ ಚೆಂದ. ಆದರೆ ಅಮ್ಮ ಕೇಳಿದ್ದು ಕಡಲ ನಡುವೆ ನಿಲ್ಲಬೇಕೆಂದು. ಅವರ ಕಾಲಿಗೆ ಯಾವುದು ಆಗದೆಂದು ನಾವೇ ತೀರ್ಮಾನಿಸಿ ಹೊಳೆ ತೋರಿಸಿ ಸಮಾಧಾನಪಡಿಸುವುದು ನನಗೆ ಒಪ್ಪಿಗೆಯಿಲ್ಲ. ಇಳಿಯುವ ಕಷ್ಟವನ್ನು ಇದ್ದದ್ದು ಇದ್ದಂತೆ ಅವರಿಗೇ ಹೇಳಿ ಕೇಳಿ.

ನಗರದ ಕೋಟೆ ಕಡೆಯವನು
ಮಲ್ಪೆಗೆ ಹೋದರೆ ದರಿಯಾ ಬಹದ್ದೂರ್‌ಗಡ ಎಂಬ ಇನ್ನೊಂದು ದ್ವೀಪವನ್ನು ದೋಣಿಯವರಿಂದ ಕೇಳಿ ತಿಳಿದು ಮಕ್ಕಳಿಗೆ ತೋರಿಸಿ. ಅಲ್ಲಿ ಕೋಟೆ ಕಟ್ಟಿಸಿದವನು ಬಿದನೂರಿನ, ಅಂದರೆ ಈಗಿನ ನಗರ ಎಂಬ ನಮ್ಮ ಊರಿನ, ಅರಸ ಬಸಪ್ಪ ನಾಯಕ. ನಮ್ಮ ನಗರದಲ್ಲಿ ಕೂತು ಆಳಿದವರು ಕಡಲಿನವರೆಗೆ ಕೈ ಚಾಚಿದ್ದರು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಹೊಸನಗರದ ಸೊಸೆ
ಎಲ್ಲರಿಗೂ ವಂದನೆಗಳು. ಮೇಷ್ಟ್ರು ಬರೆದದ್ದನ್ನು ಅತ್ತೆಯವರಿಗೆ ಓದಿ ಹೇಳಿದೆ. ಸಣ್ಣ ದೋಣಿಗೆ ದಾಟುವ ಮಾತು ಬಂದಾಗ, "ಹಿಡಿದುಕೊಳ್ಳಲು ನೀವಿಬ್ಬರಿದ್ದೀರಲ್ಲ, ಸೀರೆ ತೋಯ್ದರೆ ಒಣಗುತ್ತದೆ" ಎಂದರು. ಮಲ್ಪೆಯೇ ಗಟ್ಟಿ. ಹೊಸನಗರದಿಂದ ಬಾಳೆಬರೆ ಘಾಟಿ ಇಳಿಯುವುದೋ, ಆಗುಂಬೆಯೋ?

ತೀರ್ಥಹಳ್ಳಿ ಮೇಷ್ಟ್ರು
ನಿಮಗೆ ಬಾಳೆಬರೆಯೇ ನೇರ: ನಗರ, ಹೊಸಂಗಡಿ, ಸಿದ್ದಾಪುರ, ಕುಂದಾಪುರ, ಅಲ್ಲಿಂದ ಹೆದ್ದಾರಿ. ಹಿಂದಿನ ಸಂಜೆಯೇ ಉಡುಪಿ ತಲುಪಿ ತಂಗಿರಿ. ಬೆಳಿಗ್ಗೆ ಮನೆ ಬಿಟ್ಟರೆ ಮೊದಲ ದೋಣಿ ಸಿಗುವುದಿಲ್ಲ.