ಡೋಣಿ ಹೊಳೆ ದಂಡಿಯ ಎರಿ ಮಣ್ಣಿಗೆ ಒಂದು, ಖಾನಾಪುರದ ಕೆಂಪು ರಾಡಿಗೆ ಇನ್ನೊಂದು: ಫೋರ್ ಬೈ ಫೋರ್ ಗಾಡಿಗೆ ಮನೆಯಲ್ಲೇ ಮಾಡುವ ಮಡ್‌ಫ್ಲಾಪ್

ಪ್ರಶ್ನೆ (ತಾಳಿಕೋಟೆ): ನಮಸ್ಕಾರ್ರಿ ಸರ. ಫೋರ್ ಬೈ ಫೋರ್ (ನಾಕೂ ಗಾಲಿಗೆ ಎಂಜಿನ್ ಬಲ ಹೋಗೂ) ಬೊಲೆರೊ ಐತಿ, ಡೋಣಿ ಹೊಳಿ ದಂಡಿ ಹೊಲಕ್ಕ ದಿನಾ ಓಡಾಟ. ಲಾರಿ ಟ್ಯೂಬ್ ಕತ್ತರಿಸಿ ನಾಕೂ ಗಾಲಿ ಹಿಂದ ರಾಡಿ ತಡಿಯಾಕ ಉದ್ದಕ ಮಡ್‌ಫ್ಲಾಪ್ ಕಟ್ಟೀವಿ. ಈಗ ರಾಡಿ ತುಂಬಿ ಗಾಲಿನ ತಿರುಗವಲ್ದು. ರಿವರ್ಸ್ ತಗೊಂಡ್ರ ಫ್ಲಾಪ್ ಹರೀತೈತಿ. ಇನ್ನೂ ದಪ್ಪಂದು ಹಾಕಬೇಕೇನ್ರಿ?

ಉತ್ತರ (ಗ್ಯಾರೇಜ್ ಮೆಕ್ಯಾನಿಕ್): ದಪ್ಪದ ಮಾತು ಆಮೇಲೆ, ಮೊದಲು ಜಾಗ ಬಿಡ್ರಿ. ಎರಿ ಮಣ್ಣಿನ ಜಿಗುಟು ನೀರು ಕುಡಿದು ಉಬ್ಬುತ್ತದೆ. ಅದು ಸಿಡಿಯುವುದಕ್ಕಿಂತ ಟೈರಿಗೆ ಅಂಟಿ ಮೇಲೆ ಬರುವುದೇ ಹೆಚ್ಚು. ಫ್ಲಾಪ್ ಟೈರಿನ ಹತ್ತಿರ ಇದ್ದರೆ ಆ ಮಣ್ಣನ್ನು ಕೆರೆದು ಅಲ್ಲೇ ಗುಡ್ಡೆ ಹಾಕುತ್ತದೆ, ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ಕೂತು ಗಾಲಿಯನ್ನು ಹಿಡಿಯುತ್ತದೆ. ಎರಿ ಹೊಲದೊಳಗೆ ಮುಚ್ಚಿದಷ್ಟೂ ತೊಂದರೆ, ತೆರೆದಷ್ಟೂ ಸಲೀಸು. ಹಂಗಾಗಿ ಎತ್ತಿ ಕಟ್ಟಲು ಬರುವ ಫ್ಲಾಪ್ ಮಾಡ್ರಿ: ಡಾಂಬರಿನ ಮೇಲೆ ಕೆಳಗೆ, ಹೊಲಕ್ಕೆ ಇಳಿಯುವಾಗ ಮೇಲೆ.

ಟ್ಯೂಬ್ ರಬ್ಬರ್ ಮೆತ್ತಗೆ, ಗಾಳಿಗೆ ಹಿಂದಕ್ಕೆ ಹಾರುತ್ತದೆ, ತಡೆಯಬೇಕಾದ ನೀರನ್ನೂ ತಡೆಯುವುದಿಲ್ಲ. ಗುಜರಿಯಲ್ಲಿ ಸಕ್ಕರೆ ಕಾರ್ಖಾನೆಯ ಹಳೆ ಕನ್ವೇಯರ್ ಬೆಲ್ಟ್ ಕೇಳ್ರಿ. ಒಳಗೆ ನೈಲಾನ್ ಬಟ್ಟೆ ಇರುವ 5–6 ಮಿ.ಮೀ. ದಪ್ಪದ್ದು ಸಾಕು. 10 ಮಿ.ಮೀ. ಹಾಕಿದರೆ ಭಾರಕ್ಕೆ ಮಡ್‌ಗಾರ್ಡಿನ ತಗಡೇ ಸೀಳುತ್ತದೆ. ತಗಡಿನ ಫ್ಲಾಪ್ ಅಂತೂ ಬೇಡವೇ ಬೇಡ, ಬಾಗಿ ಟೈರಿಗೆ ತಾಗಿದರೆ ಬದಿ ಕೊಯ್ಯುತ್ತದೆ.

ಅಗಲ: ಟೈರ್ 215 ಇದ್ದರೆ ಎರಡೂ ಕಡೆ 25 ಸೇರಿಸಿ 265 ಮಿ.ಮೀ. ಟೈರಿಗೂ ಫ್ಲಾಪಿಗೂ ನಡುವೆ ಕಡಿಮೆ ಎಂದರೂ 100 ಮಿ.ಮೀ. ಇರಲಿ. ಮುಂದಿನ ಗಾಲಿಗಳಿಗೆ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಅಳತೆ ತಗೊಳ್ರಿ. ನೆಟ್ಟಗೆ ನಿಲ್ಲಿಸಿ ಅಳೆದವರ ಫ್ಲಾಪೇ ಮೊದಲ ತಿರುವಿನಲ್ಲಿ ಉಜ್ಜುವುದು. ಕೆಳ ಅಂಚು ಲೋಡ್ ಇರುವಾಗ ನೆಲದಿಂದ 200–250 ಮಿ.ಮೀ.

ಬಿಗಿಯುವಾಗ ರಬ್ಬರಿನ ಮೇಲೆ 25×3 ಮಿ.ಮೀ. ಕಬ್ಬಿಣದ ಪಟ್ಟಿ ಇಟ್ಟು, ಪಟ್ಟಿಯ ಉದ್ದಕ್ಕೂ 6 ಮಿ.ಮೀ. ಬೋಲ್ಟ್ ಮೂರು, ದೊಡ್ಡ ವಾಷರ್, ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ, ಸಡಿಲಾಗದ ನಟ್). ಬೋಲ್ಟಿನ ದುಂಡು ತಲೆ ಟೈರಿನ ಕಡೆಗೆ, ನಟ್ ಹಿಂದಕ್ಕೆ. ಪಟ್ಟಿ ಇಲ್ಲದೆ ಬರೇ ಬೋಲ್ಟ್ ಹಾಕಿದರೆ ತೂತೇ ಹರಿದು ಬರುತ್ತದೆ. ಇದ್ದ ತೂತುಗಳನ್ನೇ ಬಳಸ್ರಿ. ಹೊಸದು ಹೊಡೆಯಲೇಬೇಕಾದರೆ ಅಂಚಿಗೆ ಜಿಂಕ್ ಪ್ರೈಮರ್ ಹಚ್ರಿ. ಚಾಸಿಯ ಮೇಲಿನ, ಕೆಳಗಿನ ಅಂಚಿಗೆ ಡ್ರಿಲ್ ತಾಗಿಸಬೇಡ್ರಿ, ಭಾರವೆಲ್ಲ ಅಲ್ಲೇ ಬೀಳುವುದು.

ಹರಿಯುವ ಕಾರಣ: ರಿವರ್ಸಿನಲ್ಲಿ ಫ್ಲಾಪಿನ ತುದಿ ಒಡ್ಡಿಗೆ ತಾಗಿ ಟೈರಿನ ಕಡೆ ಮಡಚುತ್ತದೆ. ಆಗ ಟೈರಿನ ಹಿಂಬದಿ ಕೆಳಮುಖವಾಗಿ ತಿರುಗುತ್ತಿರುತ್ತದೆ, ಹಿಡಿದು ಅಡಿಗೆ ಎಳೆದುಬಿಡುತ್ತದೆ. ಹಿಂದಿನ ಫ್ಲಾಪಿನ ಹೊರ ಮೂಲೆಗೆ ತೂತು ಮಾಡಿ ತೆಳು ಸರಪಳಿ ಹಾಕಿ, ಬಂಪರಿನ ಹತ್ತಿರ ಒಂದು ಕೊಂಡಿ ಇಡ್ರಿ. ರಿವರ್ಸಿಗೆ ಮುಂಚೆ ಎತ್ತಿ ಸಿಕ್ಕಿಸಿದರೆ ಆಯಿತು. ಫ್ಲಾಪ್ ಸೈಲೆನ್ಸರ್ ಬಾಯಿಯಿಂದ ಮಾತ್ರ ಒಂದು ಗೇಣು ದೂರ ಇರಲಿ.

ಪ್ರಶ್ನೆ (ಖಾನಾಪುರ): ನಮ್ಮದು ಹಳೆ ಜಿಪ್ಸಿ, ಅಗಲ ಟೈರ್ ಹಾಕಿದ್ದೇವೆ. ಜಾಂಬೋಟಿ ಕಡೆ ಮಳೆಯಲ್ಲಿ ಹೋದರೆ ಬಾಗಿಲು, ಕನ್ನಡಿ ಎಲ್ಲ ಕೆಂಪು. ಫ್ಲಾಪ್ ಇದ್ದರೂ ಹೀಗೇಕೆ?

ಉತ್ತರ: ಟೈರ್ ಬಾಡಿಯಿಂದ ಹೊರಗೆ ಬಂದಿದೆ, ಅದಕ್ಕೆ. ಫ್ಲಾಪ್ ಹಿಂದಕ್ಕೆ ಹೋಗುವುದನ್ನಷ್ಟೇ ತಡೆಯುತ್ತದೆ, ಪಕ್ಕಕ್ಕೆ ಎದ್ದದ್ದನ್ನಲ್ಲ. ನಿಮ್ಮ ಕಡೆಯ ರಾಡಿ ನೀರು ನೀರು, ಅಲ್ಲಿ ಮುಚ್ಚುವುದೇ ಸರಿ. 3 ಮಿ.ಮೀ. ರಬ್ಬರ್ ಶೀಟಿನಲ್ಲಿ 60–75 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಮಡ್‌ಗಾರ್ಡಿನ ಒಳ ಅಂಚಿಗೆ 100 ಮಿ.ಮೀ.ಗೊಂದರಂತೆ ಸಣ್ಣ ಬೋಲ್ಟ್ ಹಾಕಿ ಕೂಡಿಸ್ರಿ. ರಿವೆಟ್ ಬೇಡ, ಮಳೆಗಾಲ ಮುಗಿದ ಮೇಲೆ ಬಿಚ್ಚಿ ಸಂದಿಯ ಮಣ್ಣು ತೆಗೆಯಬೇಕಾಗುತ್ತದೆ. ಬಿಟ್ಟರೆ ಅಲ್ಲಿಂದಲೇ ತುಕ್ಕು. ಟೈರ್ ಇನ್ನೂ ಹೊರಗೆ ಕಂಡರೆ ಟೈರನ್ನೇ ಸಣ್ಣದು ಮಾಡ್ರಿ. ಕಂಪನಿ ಕೊಟ್ಟ ವಿವರ ಮೀರುವಂತೆ ಗಾಡಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ.

ಪ್ರಶ್ನೆ (ಜಮಖಂಡಿ): ಕಬ್ಬಿನ ಹೊಲದಾಗ ರವದಿ (ಕಬ್ಬಿನ ಒಣ ಎಲಿ), ರಾಡಿ ಎರಡೂ ರೇಡಿಯೇಟರಿಗೆ ಬಡೀತಾವ. ಗ್ರಿಲ್ಲಿಗೆ ಸೊಳ್ಳಿ ಪರದೆ ಕಟ್ಟಬಹುದಾ ಅಣ್ಣಾರ? ಮತ್ತ ತಳಕ್ಕ ಡೀಸೆಲ್ ಹೊಡದ್ರ ರಾಡಿ ಅಂಟೂದಿಲ್ಲ ಅಂತಾರ, ಖರೇ ಏನ್ರಿ?

ಉತ್ತರ: ಎರಡೂ ಬೇಡ. ಸಣ್ಣ ಕಣ್ಣಿನ ಪರದೆಗೆ ರಾಡಿ ಮೆತ್ತಿದರೆ ಗಾಳಿ ನಿಂತು, ಲೋ ಗೇರಿನಲ್ಲಿ ನಿಧಾನ ಎಳೆಯುವಾಗಲೇ ಎಂಜಿನ್ ಕಾಯುತ್ತದೆ. ರವದಿಗೆ 8–10 ಮಿ.ಮೀ. ಕಣ್ಣಿನ ಜಾಳಿಗೆ ಸಾಕು, ಬಿಚ್ಚಿ ಕೊಡವಲು ಬರುವಂತಿರಲಿ. ರಾಡಿ ಬರುವುದು ಬಹುತೇಕ ಕೆಳಗಿನಿಂದ. ಬಂಪರಿನಿಂದ ರೇಡಿಯೇಟರಿನ ಬುಡದವರೆಗೆ ಒಂದು ರಬ್ಬರ್ ಶೀಟ್ ಕಟ್ರಿ. ಅದರಿಂದ ಹಿಂದಕ್ಕೆ, ಎಂಜಿನ್ನಿನ ಅಡಿ, ಮುಚ್ಚಬೇಡ್ರಿ, ಬಿಸಿ ಗಾಳಿ ಹೋಗುವ ದಾರಿ ಅದು. ಗಾಲಿಯ ಪಕ್ಕದಿಂದ ಆಲ್ಟರ್ನೇಟರಿಗೆ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ರಾಡಿ ಹೋಗುತ್ತಿದ್ದರೆ ಮಡ್‌ಗಾರ್ಡಿನ ಒಳಕಿಂಡಿಗೂ ಒಂದು ತುಂಡು ಇಳಿಬಿಡ್ರಿ, ಬೆಲ್ಟಿಗೆ ತಾಗದಂತೆ.

ಡೀಸೆಲ್ ಹೊಡೆದರೆ ಬುಷ್, ಬೂಟಿನಂಥ ರಬ್ಬರ್ ಸಾಮಾನು ಉಬ್ಬಿ ಮೆತ್ತಗಾಗುತ್ತವೆ. ಬ್ರೇಕ್ ಡಿಸ್ಕಿಗೆ ಹತ್ತಿದರೆ ಗಾಡಿ ನಿಲ್ಲುವುದಿಲ್ಲ. ಬೇಕೇಬೇಕಾದರೆ ಸಿಲಿಕಾನ್ ಸ್ಪ್ರೇ, ಅದೂ ಮಡ್‌ಗಾರ್ಡಿನ ಒಳಗೋಡೆಗೆ ಮಾತ್ರ. ಡಬ್ಬಿಯಿಂದ ನೇರ ಹೊಡೆಯದೆ ಬಟ್ಟೆಗೆ ಹಾಕಿ ಒರೆಸ್ರಿ.

ಪ್ರಶ್ನೆ (ತಾಳಿಕೋಟೆ): ಇನ್ನೊಂದು ಸರ. ಹೊಲದಿಂದ ಬಂದ ಮ್ಯಾಲ 60 ದಾಟಿದ್ರ ಸ್ಟೇರಿಂಗ್ ನಡಗತೈತಿ. ಅಲೈನ್‌ಮೆಂಟ್ ಮಾಡ್ಸಿದ್ರೂ ಹೋಗಲಿಲ್ಲ.

ಉತ್ತರ: ಮತ್ತೆ ರೊಕ್ಕ ಹಾಕುವ ಮುಂಚೆ ರಿಮ್ಮಿನ ಒಳಮಗ್ಗಲು ನೋಡ್ರಿ. ಎರಿ ಒಂದೇ ಕಡೆ ಒಣಗಿ ಕೂತರೆ ಗಾಲಿಯ ತೂಕ ತಪ್ಪುತ್ತದೆ. ಹಸಿ ಇದ್ದಾಗಲೇ ಪೈಪಿನ ನೀರಿಗೆ ಹೋಗುತ್ತದೆ. ಒಣಗಿದ್ದರೆ 15–20 ನಿಮಿಷ ನೆನೆಸಿ ಕಟ್ಟಿಗೆಯ ತುಂಡಿನಿಂದ ಕೆರೀರಿ, ಕಬ್ಬಿಣ ಹಾಕಿದರೆ ಬ್ಯಾಲೆನ್ಸಿಂಗ್ ತೂಕವೂ ಕಿತ್ತು ಬರುತ್ತದೆ. ರೇಡಿಯೇಟರನ್ನು ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗಿನ ನೀರಿನಲ್ಲಿ ತೊಳೀರಿ. ವಾಷಿಂಗ್ ಸೆಂಟರಿನ ಪ್ರೆಶರಿಗೆ ಅದರ ತೆಳು ಪಟ್ಟಿಗಳು ಮಲಗಿಬಿಡುತ್ತವೆ. ಬಾಗಿಲ ಕೆಳಗಿನ ನೀರು ಹೋಗುವ ಸಣ್ಣ ತೂತುಗಳನ್ನೂ ಒಂದು ತಂತಿ ಹಾಕಿ ಬಿಡಿಸ್ರಿ.